ಬೇಜಾರನ್ನು ತಿದ್ದಿಕೊಡುವ ಬಗ್ಗೆ

ಲಿಂಗರಾಜಪುರ, 1946

ಬೆನ್ಸನ್ ಟೌನಿನಲ್ಲಿ ಕುಳಿತು ಜನರ ಭಾವನೆಗಳ ಚರಿತ್ರೆ ಬರೆಯುತ್ತಿರುವ ಘನ ವಿದ್ವಾಂಸರ ಸನ್ನಿಧಾನಕ್ಕೆ, ಸೊಪ್ಪು ಬೆಳೆಯುವ ಚಿಕ್ಕಮುನಿಯಪ್ಪನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ರಾಜರ ಚರಿತ್ರೆ ಸಾಕು, ಜನ ಯಾವ ಕಾಲದಲ್ಲಿ ಹೇಗೆ ಅತ್ತರು, ನಕ್ಕರು, ಹೆದರಿದರು ಎಂಬುದೂ ಚರಿತ್ರೆಯೇ ಎಂದು ತಾವು ನಮ್ಮ ಜಗಲಿಯಲ್ಲಿ ಅಪ್ಪಣೆ ಕೊಡಿಸಿದಾಗ ನನಗೆ ಬಹಳ ಹೆಮ್ಮೆಯಾಯಿತು. ನಮ್ಮ ಅಳುವಿಗೂ ಇಷ್ಟು ಗೌರವವಿದೆಯೆಂದು ಮೊದಲೇ ಗೊತ್ತಿದ್ದರೆ ತಮಗಾಗಿ ಒಂದಿಷ್ಟು ಎತ್ತಿಡುತ್ತಿದ್ದೆವು.

ತಾವು ದಯಮಾಡಿ ಕಳಿಸಿದ ಇಂಗ್ಲಿಷ್ ಪುಸ್ತಕವನ್ನು ದಂಡು ಪ್ರದೇಶದ ದರ್ಜಿ ಬಷೀರ್ ಸಾಹೇಬರು ಓದಿ ಹೇಳಿದರು. ನನ್ನ ಹೆಂಡತಿ ಮುನಿಲಕ್ಷ್ಮಮ್ಮ ಹನ್ನೆರಡನೆಯ ಪುಟದಲ್ಲಿದ್ದಾಳೆ. ಮಗ ಅಂಜನಮೂರ್ತಿ ಬರ್ಮಾ ಯುದ್ಧಕ್ಕೆ ಲಾರಿ ಓಡಿಸಲು ಹೋದವನು ಕಾಣೆಯಾಗಿದ್ದಾನೆಂದು ತಂತಿ ಬಂದು ಒಂದು ವರ್ಷವಾಯಿತಲ್ಲ, ಈಗ ಹೇಗನಿಸುತ್ತದೆ ಎಂದು ತಾವು ಕೇಳಿದಿರಿ. ಆಕೆ "ಬೇಜಾರಾಗ್ತೈತೆ ಸ್ವಾಮಿ" ಎಂದಳು. ತಾವು ನಿಘಂಟು ತೆಗೆದು ನೋಡಿ, ಹೊತ್ತು ಹೋಗದೆ ಆಕಳಿಸುವ ಸ್ಥಿತಿ ಎಂದು ಬರೆದುಕೊಂಡಿರಿ. ಅಷ್ಟೇ ಅಲ್ಲ, ಈ ಕಡೆಯ ಹಳ್ಳಿಗಳ ಹೆಂಗಸರಲ್ಲಿ ಈ ಕಾಯಿಲೆ ಹೆಚ್ಚೆಂದೂ, ವಾರಕ್ಕೊಮ್ಮೆ ಹಾರ್ಮೋನಿಯಂ ಕೇಳಿಸಿದರೆ ವಾಸಿಯಾಗುವುದೆಂದೂ ಸಲಹೆ ಕೊಟ್ಟಿದ್ದೀರಿ. "ಆ ಪದ ಮೂಲದಲ್ಲಿ ನಮ್ಮ ಉರ್ದುವಿನದೇ, ಆದರೆ ನಮ್ಮ ಮನೆಯಲ್ಲೂ ಅದಕ್ಕೆ ಹಾರ್ಮೋನಿಯಂ ಕೊಡುವ ಪದ್ಧತಿಯಿಲ್ಲ" ಎಂದು ಬಷೀರ್ ಸಾಹೇಬರು ಪುಸ್ತಕ ಮುಚ್ಚಿಟ್ಟರು.

ಗಂಡಸರು ಅಳುವುದಿಲ್ಲವೆಂದು ಮುಂದಿನ ಪುಟದಲ್ಲಿ ನನ್ನನ್ನೂ ಹೊಗಳಿದ್ದೀರಿ. ತಮ್ಮ ಸಂಶೋಧನೆಯನ್ನು ನಮ್ಮ ಕೊಟ್ಟಿಗೆಯವರೆಗೂ ವಿಸ್ತರಿಸಬೇಕೆಂದು ಬೇಡುತ್ತೇನೆ. ಅಲ್ಲಿ ಸಾಕ್ಷಿಗೆ ಎರಡು ಎಮ್ಮೆಗಳಿವೆ, ಎರಡೂ ನಿಘಂಟು ನೋಡುವುದಿಲ್ಲ.

ಮಾನ್ಯರೇ, ಸೊಪ್ಪು ಬಾಡಿದರೂ ನಮಗೆ ಬೇಜಾರೇ, ನೆಂಟರು ಮಾತು ಬಿಟ್ಟರೂ ಬೇಜಾರೇ. ಆಕೆ ಬೇಕೆಂದೇ ಆ ಸಣ್ಣ ಮಾತನ್ನು ಆರಿಸಿಕೊಂಡಳು. ಎದೆ ಬಡಿದುಕೊಂಡು ಅತ್ತರೆ ಮಗ ಸತ್ತನೆಂದು ಒಪ್ಪಿದ ಹಾಗೆ, ಆಮೇಲೆ ತಿಥಿ ಮಾಡಬೇಕು. ಅದಕ್ಕೇ ಎರಡು ವರ್ಷದಿಂದ ಬರೀ ಬೇಜಾರು ಮಾಡಿಕೊಂಡು ಬದುಕಿದ್ದಾಳೆ. ನನಗೆ ಅದನ್ನು ನೋಡಲಾಗುವುದಿಲ್ಲ. ಆದ್ದರಿಂದ ತಾವು ಲಂಡನ್ನಿನವರೆಗೂ ಹೋಗಿರುವ ಪ್ರತಿಗಳನ್ನೆಲ್ಲ ವಾಪಸು ತರಿಸಿ, ಆ ಆಕಳಿಕೆಯನ್ನು ತಮ್ಮ ಕೈಯಾರೆ ಹೊಡೆದುಹಾಕಬೇಕು. ಅದರ ಜಾಗದಲ್ಲಿ ಏನು ಬರೆಯಬೇಕೆಂದು ನನಗೂ ಗೊತ್ತಿಲ್ಲ, ಖಾಲಿ ಬಿಟ್ಟರೂ ಆದೀತು.

ತಮ್ಮ ವಿಶ್ವಾಸಿ, ಹೊತ್ತು ಹೋಗದ ರೋಗವಿಲ್ಲದ
ಚಿಕ್ಕಮುನಿಯಪ್ಪ

ಬರೆಯಲು ಮರೆತದ್ದು: ಇನ್ನೊಮ್ಮೆ ಬರುವುದಾದರೆ ದಯವಿಟ್ಟು ಸೈಕಲ್ ಗಂಟೆ ಬಾರಿಸಬೇಡಿ. ಹೋದ ಸಲ ಟಪಾಲಿನವನು ಬಂದನೆಂದು ಆಕೆ ಒಲೆ ಬಿಟ್ಟು ಓಡಿಬಂದಳು, ಬಾಗಿಲಲ್ಲಿ ತಾವಿದ್ದಿರಿ. ಹೇಗನಿಸುತ್ತದೆಂದು ತಾವು ಕೇಳಿದ್ದು ಆಗಲೇ.