ಯಜಮಾನಿಯ ಹುದ್ದೆಗೆ ಮರುನೇಮಕ ಕೋರಿ

ಇಂದ:
ಗಿರಿಜಾಂಬಿಕಾ, ಬಿ.ಎಸ್ಸಿ., ವಯಸ್ಸು ಎಪ್ಪತ್ತೊಂದು,
ಕೊಬ್ಬರಿ ಶೆಡ್ಡಿನ ಮಾಲೀಕಳು (ಸದ್ಯಕ್ಕೆ ಹೆಸರಿಗೆ ಮಾತ್ರ),
ಶೆಟ್ಟಿಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕು.

ಗೆ:
ಶ್ರೀಮತಿ ಶಾಂತಕುಮಾರಿಯವರು,
ಸದರಿ ಶೆಡ್ಡಿನಲ್ಲಿ ಕಾಯಿ ಆರಿಸುವವರು (ಕಳೆದ ವಾರದವರೆಗೆ),
ನೀರಿನ ಟ್ಯಾಂಕಿನ ಹಿಂದಿನ ಮನೆ, ಶೆಟ್ಟಿಕೆರೆ.

ವಿಷಯ: ತಮ್ಮ ಯಜಮಾನಿಯಾಗಿ ನನ್ನನ್ನು ಮತ್ತೊಮ್ಮೆ, ಪರೀಕ್ಷಾರ್ಥವಾಗಿ, ನೇಮಿಸಿಕೊಳ್ಳುವ ಬಗ್ಗೆ.

ಉಲ್ಲೇಖ: 1) ತಾವು ಶೆಡ್ಡಿನ ಬಾಗಿಲಲ್ಲಿ ನಿಂತು ಆಡಿದ ಮಾತು: "ಕೂರ್ಸಿ ಪೂಜೆ ಮಾಡಕ್ಕೆ ನಾನೇನ್ ದೇವ್ರಾ ಅಮ್ಮಾವ್ರೆ? ನಂಗೆ ಕೆಲ್ಸ ಬೇಕಾಗಿತ್ತು."
2) ಅಂದಿನಿಂದ ತಾವು ಬಾರದೇ ಇರುವುದು.

ಮಾನ್ಯರೇ,

ಒಲೆಯ ಹೊಗೆಯಲ್ಲಿ ತಿಂಗಳುಗಟ್ಟಲೆ ಬೆಚ್ಚಗೆ ಮಲಗಿದ ತೆಂಗಿನಕಾಯಿಗಳ ವಾಸನೆ ಅಟ್ಟದ ಹಲಗೆಗಳ ಸಂದಿಯಿಂದ ಇಳಿದು, ಚಿಕ್ಕಂದಿನಲ್ಲಿ ನಾವು ಹೊದೆಯುತ್ತಿದ್ದ ಕಂಬಳಿಗೆ ಅಂಟಿಕೊಳ್ಳುತ್ತಿತ್ತು. ಅರ್ಧ ಹೊಗೆ, ಅರ್ಧ ಎಣ್ಣೆ, ಎಲ್ಲೋ ಒಂದಿಷ್ಟು ಸಿಹಿ. ಆ ವಾಸನೆಯಲ್ಲಿ ಬೆಳೆದವಳು ಎಂಬ ಒಂದೇ ಅರ್ಹತೆಯ ಮೇಲೆ ನಾನು ಕೊಬ್ಬರಿ ಶೆಡ್ಡಿನ ಯಜಮಾನಿಯಾದೆ. ಈ ಹುದ್ದೆಗೆ ಬೇರೆ ಅರ್ಹತೆಗಳೂ ಬೇಕೆಂಬುದು ಇತ್ತೀಚೆಗಷ್ಟೇ ಗಮನಕ್ಕೆ ಬಂದಿರುವ ಕಾರಣ, ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

1. ಕೆಲಸ ಕೇಳಲು ಬಂದ ದಿನವೇ, ನಾನು ಕೇಳುವ ಮೊದಲೇ ತಾವು ಹೇಳಿದ್ದಿರಿ: "ನಂಗೆ ಫಿಟ್ಸ್ ಬತ್ತೈತೆ ಅಮ್ಮಾವ್ರೆ. ಮಾತ್ರೆ ತಗಂತೀನಿ, ಅಪ್ರೂಪಕ್ಕೆ ಬತ್ತೈತೆ. ಅಟ್ಟ ಹತ್ತಿಸ್ಬ್ಯಾಡಿ, ಮಚ್ಚು ಕೊಡ್ಬ್ಯಾಡಿ. ಮಿಕ್ಕಿದ್ದೆಲ್ಲ ಮಾಡ್ತೀನಿ." ಹಿಂದೆ ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸಿನಲ್ಲಿ ಇದನ್ನು ಮುಚ್ಚಿಟ್ಟು, ಆಮೇಲೆ ಗೊತ್ತಾಗಿ ಕೆಲಸ ಹೋಗಿದ್ದರಿಂದ, ಈ ಸಲ ಮೊದಲೇ ಹೇಳಿಬಿಡುತ್ತಿದ್ದೇನೆ ಎಂದೂ ತಿಳಿಸಿದ್ದಿರಿ. ನಾನು "ಅಯ್ಯೋ, ಅದಕ್ಕೇನಂತೆ ಕಣಮ್ಮ" ಎಂದೆ. ಆ ಸಂಜೆಯೆಲ್ಲ ನನ್ನ ದೊಡ್ಡ ಮನಸ್ಸನ್ನು ನೆನೆನೆನೆದು ನನಗೇ ಸಂತೋಷವಾಗುತ್ತಿತ್ತು.

2. ಸಣ್ಣತಿಮ್ಮಯ್ಯನವರು ಅಟ್ಟದಿಂದ ಕಾಯಿ ಇಳಿಸಿ ತಮ್ಮ ಮುಂದೆ ಸುರಿಯುತ್ತಿದ್ದರು. ತಾವು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದರೆ ಒಡೆಯುವುದಕ್ಕೆ, ಸುಮ್ಮನಿದ್ದರೆ ಮತ್ತೆ ಅಟ್ಟಕ್ಕೆ ಎಂದು ಬೇರೆ ಮಾಡುತ್ತಿದ್ದಿರಿ. ನಾನು ಯಾವುದರಲ್ಲೂ ಕೈಹಾಕದ ಕಾರಣ ಕೆಲಸ ಸುಗಮವಾಗಿ ಸಾಗಿತ್ತು.

3. ಆಮೇಲೆ ಒಂದು ದಿನ ತಮಗೆ ಫಿಟ್ಸ್ ಬಂತು. ಎದುರಿನ ಟೀ ಅಂಗಡಿಯವರು ಕತ್ತು ಉದ್ದ ಮಾಡಿದ್ದನ್ನು ಕಂಡು, ಶೆಡ್ಡಿನ ಕಸ ಗುಡಿಸುವ ಭೂತಮ್ಮ ಒಣಗಲು ಹಾಕಿದ್ದ ಸೀರೆ ತಂದು ಬಾಗಿಲಿಗೆ ಅಡ್ಡ ಕಟ್ಟಿದಳು. ಸಣ್ಣತಿಮ್ಮಯ್ಯನವರು ಮಚ್ಚುಗಳನ್ನು ಕಾಲಿನಿಂದ ದೂರ ಸರಿಸಿ, ಹೆಗಲ ಟವೆಲ್ಲು ಮಡಿಸಿ ತಮ್ಮ ತಲೆಯ ಕೆಳಗಿಟ್ಟು, ಮಗ್ಗುಲಿಗೆ ತಿರುಗಿಸಿ, "ಏನಿಲ್ಲ ಕಣವ್ವ, ಏನಿಲ್ಲ" ಎನ್ನುತ್ತ ಪಕ್ಕದಲ್ಲಿ ಕೂತರು. ಹಾಸನದ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿ ಪಾಸಾದ ನಾನು ಕಬ್ಬಿಣ ಹುಡುಕಿಕೊಂಡು ಓಡಿದೆ. ಶೆಡ್ಡಿನ ಬೀಗದ ಕೈ ಗೊಂಚಲನ್ನು ತಂದು ತಮ್ಮ ಮುಷ್ಟಿಯೊಳಗೆ ತುರುಕಿದೆ. "ಅಮ್ಮಾವ್ರೆ, ಸೊಲ್ಪ ಆ ಕಡೆ ನಿಂತ್ಕಳಿ, ಗಾಳಿ ಬರ್ಲಿ" ಎಂದರು ಸಣ್ಣತಿಮ್ಮಯ್ಯ. ತಾವು ಎಚ್ಚರವಾದ ಮೇಲೆ ಕೈಯಲ್ಲಿದ್ದ ಗೊಂಚಲನ್ನು ನೋಡಿ, "ಬೀಗ ಹಾಕ್ಬೇಕಾ ಅಮ್ಮಾವ್ರೆ, ಇಷ್ಟ್ ಬೇಗ?" ಎಂದು ಕೇಳಿದಿರಿ. ಆ ದಿನ ನನ್ನ ಸೇವೆ ಇಷ್ಟು.

4. ಮಾರನೆಯ ದಿನದಿಂದ ನಾನು ಸುಧಾರಿಸಿದೆ. ಅಂದರೆ ಹೆಚ್ಚಾದೆ. ಮನೆಯಿಂದ ಕೈಯಿರುವ ಕುರ್ಚಿ ತರಿಸಿ, ಮೆತ್ತೆ ಹಾಕಿ, ಕಾಯಿ ಮುಟ್ಟಕೂಡದು ಎಂದು ಆಜ್ಞೆ ಮಾಡಿ ತಮ್ಮನ್ನು ಅದರಲ್ಲಿ ಕೂರಿಸಿದೆ. ತಾವು ಬಚ್ಚಲಿಗೆ ಎದ್ದರೂ ಭೂತಮ್ಮನನ್ನು ಹಿಂದೆ ಕಳಿಸಿದೆ. ಹೋಗುತ್ತಾ ಬರುತ್ತಾ "ಏನಾದ್ರೂ ಆಗ್ತಿದ್ಯೇನಮ್ಮ?" ಎಂದು ಕೇಳಿದೆ. "ಅಮ್ಮಾವ್ರು ಹಿಂಗೇ ಕೇಳ್ತಿದ್ರೆ ನಂಗೇ ಬತ್ತೈತೆ" ಎಂದು ಸಣ್ಣತಿಮ್ಮಯ್ಯ ಗೊಣಗಿದ್ದು ಕೇಳಿಸಿತು. ಅದನ್ನು ನಾನು ತಮಾಷೆ ಎಂದುಕೊಂಡೆ.

5. ಇನ್ನು ಗುರುತರವಾದ ಅಂಶ. ಹುಳಿಯಾರಿನಿಂದ ಕೊಬ್ಬರಿ ಕೊಳ್ಳಲು ಬಂದ ಗಂಗಾಧರಯ್ಯನವರು ತಾವು ಕುರ್ಚಿಯಲ್ಲಿ ಕೂತದ್ದನ್ನು ನೋಡಿ, "ಯಾರ್ರೀ ಇವ್ರು, ನಿಮ್ ಪಾರ್ಟ್ನರ್ರಾ?" ಎಂದರು. ನಾನು ದನಿ ತಗ್ಗಿಸಿ, "ಪಾಪ, ಫಿಟ್ಸು" ಎಂದೆ. ಕಿವಿ ಸ್ವಲ್ಪ ಮಂದವಾಗಿರುವ ಕಾರಣ ನಾನು ತಗ್ಗಿಸಿದ ದನಿ ಬಸ್ ನಿಲ್ದಾಣದವರೆಗೆ ಹೋಗುತ್ತದೆ. ಅದಕ್ಕೂ ಮೊದಲು ಗ್ಯಾಸ್ ಸಿಲಿಂಡರ್ ತಂದವನಿಗೂ, ಸ್ತ್ರೀಶಕ್ತಿ ಸಂಘದ ಸಭೆಯಲ್ಲೂ ಇದನ್ನೇ ಹೇಳಿದ್ದೆ. ನನ್ನೊಬ್ಬಳನ್ನು ನಂಬಿ ತಾವು ಹೇಳಿದ್ದನ್ನು ಇಡೀ ಹೋಬಳಿಗೆ ಹಂಚಿದೆ, ಅದೂ ಕಕ್ಕುಲಾತಿಯಿಂದ. ಗಂಗಾಧರಯ್ಯನವರೂ ತಮ್ಮ ಕಡೆ ತಿರುಗಿ "ಪಾಪ" ಎಂದರು. ತಾವು ಎದ್ದಿರಿ. ಕುರ್ಚಿಯ ಮೆತ್ತೆಯನ್ನು ನೇರ ಮಾಡಿಟ್ಟು, ಬಾಗಿಲಲ್ಲಿ ನಿಂತು ಉಲ್ಲೇಖ (1)ರ ಮಾತು ಆಡಿ ಹೊರಟಿರಿ.

6. ತಾವು ಬೇರೊಂದು ಶೆಡ್ಡಿಗೆ ಸೇರಲಿದ್ದೀರಿ, ಅಲ್ಲಿ ಅಟ್ಟ ಹತ್ತಿ ಕಾಯಿ ಇಳಿಸುವ ಕೆಲಸ, ಕಾಯಿಲೆಯ ಮಾತು ಎತ್ತಿಯೇ ಇಲ್ಲ ಎಂದು ಭೂತಮ್ಮ ನಿನ್ನೆ ತಿಳಿಸಿದಳು. "ಹೇಳಿದ್ ಕಡೆ ಹಿಂಗಾಯ್ತು, ಇನ್ಮ್ಯಾಕೆ ಎಲ್ಲೂ ಹೇಳಕಿಲ್ಲ ಅಂದವ್ಳೆ ಕಣ್ರಮ್ಮ" ಎಂದಳು. ಈ ಅರ್ಜಿಯನ್ನು ಬರೆಯಲು ಇದೇ ಕಾರಣ, ಉಳಿದವು ಪೀಠಿಕೆ. ತಾವು ಅಲ್ಲಿ ಏಣಿ ಹತ್ತಿದರೆ, ಆ ಏಣಿಯನ್ನು ತಂದು ನಿಲ್ಲಿಸಿದವಳು ನಾನೇ ಆಗುತ್ತೇನೆ.

7. ಆದ್ದರಿಂದ ಇಂದು ಬೆಳಿಗ್ಗೆ ಮೊದಲ ಬಸ್ಸಿಗೆ ತಿಪಟೂರಿಗೆ ಹೋಗಿ ಒಬ್ಬ ಡಾಕ್ಟರನ್ನು ಕಂಡೆ. "ಫಿಟ್ಸ್ ಯಾರಿಗಮ್ಮ?" ಎಂದು ಕೇಳಿದರು. "ನಮ್ಮಲ್ಲಿ ಕೆಲಸ ಮಾಡೋರಿಗೆ. ಆದರೆ ಚೀಟೀಲಿ ನನ್ನ ಹೆಸರು ಬರ್ಕೊಳಿ, ತೊಂದರೆ ಇರೋದು ನನಗೆ" ಎಂದೆ. ಅವರು ನಗಲಿಲ್ಲ, ಕುರ್ಚಿ ಎಳೆದು ಕೂರಿಸಿದರು. ಮಗ್ಗುಲಿಗೆ ತಿರುಗಿಸಬೇಕು, ಅದುಮಿ ಹಿಡಿಯಬಾರದು, ಬಾಯಿಗೆ ಏನೂ ಹಾಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಂಬುಲೆನ್ಸಿಗೆ ಫೋನ್ ಮಾಡಬೇಕು, ಆಮೇಲೆ ಮಲಗಲು ಬಿಡಬೇಕು. ಕಬ್ಬಿಣದಿಂದ ಏನೂ ಉಪಯೋಗವಿಲ್ಲ. "ಆಮೇಲೆ ಏನು ಮಾಡ್ಬೇಕು ಡಾಕ್ಟ್ರೇ?" ಎಂದೆ. "ಆಮೇಲೆ ಅವರ ಕೆಲಸ ಅವರಿಗೆ ಕೊಡಿ" ಎಂದರು.

ಆದಕಾರಣ, ನನ್ನನ್ನು ಒಂದು ತಿಂಗಳ ಮಟ್ಟಿಗೆ ತಮ್ಮ ಯಜಮಾನಿಯಾಗಿ ಇಟ್ಟುಕೊಂಡು ನೋಡಬೇಕೆಂದು ಕೋರುತ್ತೇನೆ. ಕುರ್ಚಿಯನ್ನು ಮನೆಗೆ ಸಾಗಿಸಿದ್ದೇನೆ. ಅಟ್ಟ ಮತ್ತು ಮಚ್ಚು ತಮ್ಮ ಪಾಲಿಗಿಲ್ಲ, ಬೇರೆ ಎಲ್ಲ ಕೆಲಸವೂ ತಮ್ಮದು. ಮಾತ್ರೆ ತಿಂದಿರಾ ಎಂದು ಕೇಳುವುದಿಲ್ಲ. ಮಲಗಬೇಕೆನಿಸಿದರೆ ತಾವು ನನ್ನನ್ನು ಕೇಳಬೇಕಿಲ್ಲ. ತಮ್ಮ ವಿಷಯವನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ತಮಗೇ ಸೇರಿದ್ದು. ನಾನು ಹೇಳಿಬಿಟ್ಟವರ ಮನೆಗಳಿಗೆ ಹೋಗಿ ಅದನ್ನು ವಾಪಸ್ಸು ತರುವ ಉಪಾಯ ಗೊತ್ತಿಲ್ಲ, ಕ್ಷಮಿಸಬೇಕು. ಅವಧಿಯೊಳಗೆ "ಪಾಪ" ಎಂಬ ಮಾತು ನನ್ನ ಬಾಯಿಂದ ಬಂದರೆ ಯಾವ ನೋಟೀಸೂ ಇಲ್ಲದೆ ನನ್ನನ್ನು ವಜಾ ಮಾಡಬಹುದು.

ತಮ್ಮ ವಿಶ್ವಾಸವನ್ನು ಇನ್ನೊಮ್ಮೆ ಸಂಪಾದಿಸಬೇಕಾಗಿರುವ,
ಗಿರಿಜಾಂಬಿಕಾ

ಲಗತ್ತುಗಳು:
ಅ) ಡಾಕ್ಟರ ಚೀಟಿ, ನನ್ನ ಹೆಸರಿನಲ್ಲಿ.
ಆ) ಭೂತಮ್ಮನ ಶಿಫಾರಸು. "ಅಮ್ಮಾವ್ರು ಕೆಟ್ಟೋರಲ್ಲ, ಬಾಯಿ ಒಂದು ನಿಲ್ಲಕಿಲ್ಲ." ಬಾಯಿಮಾತಿನದಾದ್ದರಿಂದ ಇಲ್ಲಿಯೇ ನಮೂದಿಸಿದೆ.
ಇ) ಬಿ.ಎಸ್ಸಿ. ಪದವಿ ಪತ್ರ. ಉಪಯೋಗಕ್ಕೆ ಬಾರದ್ದರಿಂದ ಲಗತ್ತಿಸಿಲ್ಲ.

ಷರಾ: ಅರ್ಜಿಯನ್ನು ಇದೇ ದಿನ ಮಧ್ಯಾಹ್ನ ಖುದ್ದಾಗಿ ಸಲ್ಲಿಸಲಾಯಿತು. ಮಾನ್ಯರು ಜಗಲಿಯ ಮೇಲೆ ಕೂತು ಓದಿದರು. ಮೂರನೆಯ ಅಂಶದ ಹತ್ತಿರ ಅವರ ತುಟಿ ಸ್ವಲ್ಪ ಅಲುಗಿತು, ಐದನೆಯದರ ಹತ್ತಿರ ಬಿಗಿಯಿತು. ಓದಿ ಮುಗಿಸಿ ಹಾಳೆಗಳನ್ನು ಮಡಿಸಿದರು. ಅರ್ಜಿದಾರಳು, ಅಭ್ಯಾಸವಿಲ್ಲದಿದ್ದರೂ, ಸುಮ್ಮನಿದ್ದಳು.

"ಅಟ್ಟದಾಗಿನ್ ಕಾಯಿ ಇಳ್ಸಿದ್ರಾ?" ಎಂದು ಕೇಳಿದರು.

"ಇಲ್ಲ."

"ಸಣ್ಣತಿಮ್ಮಣ್ಣಂಗೆ ಹೇಳಿ ಇಳ್ಸಿಡಿ. ನಾಳೆ ಬಿಸ್ಲೇರದ್ರೊಳಗೆ ಸುರು ಮಾಡನ."

ಎದ್ದು ಒಳಗೆ ಹೋದರು. ಬರುವಾಗ ಎರಡು ತಟ್ಟೆಗಳಿದ್ದವು. ಎರಡರಲ್ಲೂ ಮುದ್ದೆ, ಹುರುಳಿಕಾಳಿನ ಸಾರು. ಒಂದನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಎದುರಿಗೆ ಕೂತರು.