ನಿಂಬೆ ಗಿಡವೂ ಅಣು ಕರೆಂಟೂ

ಶಿವಾಜಿನಗರದ ಆ ಗಲ್ಲಿಯ ಟ್ರಾನ್ಸ್‌ಫಾರ್ಮರ್ ಶನಿವಾರ ಬೆಳಿಗ್ಗೆ ‘ಢಂ’ ಎಂದಾಗ ಹಾಶಿಮ್ ಸಾಹೇಬರು ಅಣು ವಿದ್ಯುತ್ತನ್ನು ವಿರೋಧಿಸುತ್ತಿದ್ದರು.

ಸ್ವಂತ ಅಭಿಪ್ರಾಯದಿಂದಲ್ಲ. ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಸಂದಿಯಲ್ಲಿ ಗುಂಡಿ, ಲೇಸು, ಜಿಪ್ಪು ಮಾರುವ ಅವರಿಗೆ ಆ ವಿಷಯದಲ್ಲಿ ಅಭಿಪ್ರಾಯವೇ ಇರಲಿಲ್ಲ. ಮಗಳು ತೂಬಾಳಿಗೆ ಸಂಜೆ ಕಾಲೇಜಿನಲ್ಲಿ ಕನ್ನಡ ಚರ್ಚಾಸ್ಪರ್ಧೆ. ದೇಶಕ್ಕೆ ಅಣು ವಿದ್ಯುತ್ ಸ್ಥಾವರಗಳು ಇನ್ನಷ್ಟು ಬೇಕು ಎಂದು ಅವಳು ವಾದಿಸಬೇಕು. ಅಭ್ಯಾಸಕ್ಕೆ ಒಬ್ಬ ಎದುರಾಳಿ ಬೇಕಿತ್ತು. ಆ ದಿನ ಮನೆಮಾತಾದ ದಖ್ನಿಗೆ ರಜೆ, ಎಲ್ಲರೂ ಕನ್ನಡದಲ್ಲೇ ಮಾತಾಡಬೇಕು ಎಂದು ಅವಳ ಹುಕುಂ ಬೇರೆ ಆಗಿತ್ತು.

“ಅಬ್ಬಾ, ಸರಿಯಾಗಿ ವಿರೋಧ ಮಾಡಿ. ನಾನೇನ್ ಹೇಳಿದ್ರೂ ‘ಹೌದು ಬೇಟಾ’ ಅಂದ್ರೆ ಹೆಂಗೆ?”

“ನೀನ್ ಹೇಳೋದು ಸರಿ ಇದೆಯಲ್ಲ ಬೇಟಾ. ಮನೆಮನೆಗೂ ಎಸಿ ಬಂತು, ಕರೆಂಟ್ ಗಾಡಿ ಬಂತು. ಕಲ್ಲಿದ್ದಲು ಸುಟ್ರೆ ಹೊಗೆ. ಬಿಸಿಲಿನ ಕರೆಂಟು ಸಂಜೆಗೆ ಅಂಗಡಿ ಮುಚ್ಬಿಡ್ತದೆ. ಇನ್ನೇನ್ ಮಾಡೋದು?”

“ಅದು ನನ್ನ ಪಾಯಿಂಟು! ನೀವು ಕಸದ ವಿಷ್ಯ ಕೇಳ್ಬೇಕು. ಸಾವಿರಾರು ವರ್ಷ ಉಳಿಯೋ ಆ ಕಸಾನ ಎಲ್ಲಿಡ್ತೀರಿ ಅಂತ.”

“ಎಲ್ಲಿಡ್ತೀರಿ?” ಎಂದು ಸಾಹೇಬರು ಅಂಜುತ್ತಲೇ ಕೇಳಿದರು. ಅಷ್ಟರಲ್ಲಿ ಢಂ! ಫ್ಯಾನು ನಿಂತಿತು.

“ಜೀವಮಾನದಲ್ಲಿ ಒಂದು ಎದುರುಮಾತು ಆಡಿದ್ರಿ, ಕರೆಂಟೇ ಹೋಯ್ತು ನೋಡಿ,” ಎಂದರು ಅಡುಗೆಮನೆಯಿಂದ ಹೆಂಡತಿ ಶಂಶುನ್ನೀಸಾ.

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹಾಶಿಮ್ ಸಾಹೇಬರ ನಾಲಿಗೆಗೆ ‘ಇಲ್ಲ’ ಎನ್ನುವುದು ಬರುತ್ತಿರಲಿಲ್ಲ. ಯಾರಾದರೂ ಅಜ್ಜನ ಕಾಲದ ಕೋಟಿನ ಗುಂಡಿ ತಂದು ಇದರ ಜೋಡಿ ಇದೆಯೇ ಎಂದರೆ, “ನೋಡೋಣ” ಎಂದು ಹೇಳಿ ಊರಿನ ಪೇಟೆಗಳನ್ನೆಲ್ಲ ಸುತ್ತಿ ಬರುವ ಜೀವ ಅದು. ಜನರಿಗೂ ಅದು ಗೊತ್ತಿತ್ತು. ಗೊತ್ತಿದ್ದ ಮೇಲೆ ಬಿಡುತ್ತಾರೆಯೇ?

ಸ್ವಲ್ಪ ಹೊತ್ತಿಗೆ ಹೊಸ ಟ್ರಾನ್ಸ್‌ಫಾರ್ಮರ್ ಹೊತ್ತ ಲಾರಿ ಬಂತು. ಜೊತೆಗೆ ಲೈನ್‌ಮನ್ ಮುನೀಂದ್ರ.

“ಇದು ದೊಡ್ಡ ಸೈಜು ಸ್ವಾಮಿ. ನಿಮ್ಮ ಗಲ್ಲಿ ಲೋಡು ಹೆಚ್ಚಾಗೋಗಿದೆ. ಹಳೇ ಜಾಗದಲ್ಲಿ ಹಿಡಿಸಲ್ಲ. ಯಾರಾದ್ರೂ ಮನೆ ಮುಂದೆ ಜಾಗ ಬಿಟ್ಕೊಡಿ. ಸಂಜೆಯೊಳಗೆ ಹೇಳ್ಲಿಲ್ಲ ಅಂದ್ರೆ ಕಲ್ಯಾಣ ನಗರಕ್ಕೆ ತಗೊಂಡೋಗ್ತೀನಿ, ಅವ್ರು ಫೋನ್ ಮೇಲೆ ಫೋನ್ ಮಾಡ್ತಾವ್ರೆ.”

ಕರೆಂಟು ಬೇಕೆಂದು ಕೂಗುತ್ತಿದ್ದ ಗಲ್ಲಿ ಈಗ ನೆಪ ಹುಡುಕತೊಡಗಿತು. ಒಬ್ಬರ ಮನೆ ಮುಂದೆ ಸ್ಕೂಟರ್ ನಿಲ್ಲಬೇಕು, ಇನ್ನೊಬ್ಬರ ಮನೆಯಲ್ಲಿ ಮದುವೆಯಿದೆ. ಗಲ್ಲಿಗೆ ತಾವೇ ಹಿರಿಯರೆಂದು ನಂಬಿಕೊಂಡಿದ್ದ ಅಹ್ಮದ್ ಪಾಷಾ ತಮ್ಮ ಗೋಡೆಗೆ ಆ ವಾರವಷ್ಟೇ ಪಿಸ್ತಾ ಬಣ್ಣ ಹೊಡೆಸಿದ್ದರು. ಅವರು ಎದುರುಮನೆಯತ್ತ ಬೆರಳು ತೋರಿಸಿದರು.

“ಹಾಶಿಮ್ ಭಾಯ್ ಮನೆ ಮುಂದೆ ಇದೆಯಲ್ಲ ಜಾಗ!”

ಅಲ್ಲಿದ್ದದ್ದು ಬರೀ ಜಾಗವಲ್ಲ, ನಿಂಬೆ ಗಿಡ. ತೂಬಾ ಅಂಬೆಗಾಲಿಡುವ ಕಾಲದಲ್ಲಿ ಶಂಶುನ್ನೀಸಾ ನೆಟ್ಟದ್ದು. ಇಡೀ ಗಲ್ಲಿಗೆ ಹಸಿರೆಂದು ಉಳಿದದ್ದು ಅದೊಂದೇ. ರಮ್ಜಾನಿನ ಶರಬತ್ತಿಗೆ ಎಲ್ಲರ ಮನೆಗೂ ಅದರದೇ ಹಣ್ಣು. ಮಂಡಿನೋವು ಬಂದ ಮೇಲೆ ಆಕೆ ಹೆಚ್ಚು ದೂರ ಹೋಗಲಾರರು. ಗಿಡದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯೇ ಆಕೆಯ ಕಬ್ಬನ್ ಪಾರ್ಕು. ಗಿಡದ ಮೇಲೆ ಆಕೆಗೆ ಮಗಳ ಮೇಲಿದ್ದಷ್ಟೇ ಪ್ರೀತಿ.

ಎಲ್ಲರೂ ಸಾಹೇಬರ ಮುಖ ನೋಡಿದರು. ಆಸ್ತಮಾ ಇದ್ದ ಮುದುಕಿ ಇಮಾಮ್ ಬೀ ಮಾತ್ರ ಮೂಲೆಮನೆಯ ಹೊಸ್ತಿಲಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು.

“ನೋಡೋ…” ಎಂದು ಸಾಹೇಬರು ಬಾಯಿ ತೆರೆದರು. ಒಳಗಿನಿಂದ ಶಂಶುನ್ನೀಸಾ ಕೆಮ್ಮಿದರು. “ಅಂಗಡಿಗೆ ಹೊತ್ತಾಯ್ತು,” ಎಂದು ಸಾಹೇಬರು ಒಳಗೆ ಓಡಿದರು.

“ಇವತ್ತು ನೋಡೋಣ ಗೀಡೋಣ ಅಂದ್ರೆ ಗಿಡ ಹೋಯ್ತು ಅಂತ್ಲೇ ಲೆಕ್ಕ,” ಎಂದರು ಶಂಶುನ್ನೀಸಾ. “ಹೇಳಿ ನೋಡೋಣ, ‘ಆಗಲ್ಲ, ಕ್ಷಮಿಸಿ.’”

“ಆಗ… ಕ್ಷಮಿಸಿ.”

“ಮಧ್ಯದ್ದು ನುಂಗ್ಬೇಡಿ ರೀ!”

ದಾರಿಯುದ್ದಕ್ಕೂ ಸಾಹೇಬರು ಪಾಠ ಒಪ್ಪಿಸಿಕೊಂಡೇ ನಡೆದರು. “ಬನ್ನಿ ಸಾರ್, ಎಲ್ಲಿಗೆ?” ಎಂದು ಒಂದು ಆಟೊ ನಿಂತಿತು. “ಆಗಲ್ಲ, ಕ್ಷಮಿಸಿ,” ಎಂದರು. ಇಷ್ಟು ವರ್ಷ ಆ ಮಾತನ್ನು ತಾನೇ ಹೇಳಿಕೊಂಡು ಬಂದಿದ್ದ ಆಟೊದವನು ಕಕ್ಕಾಬಿಕ್ಕಿಯಾಗಿ ಹೊರಟುಹೋದ.

ಮಧ್ಯಾಹ್ನ ಅಹ್ಮದ್ ಪಾಷಾ ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕುಳಿತರು.

“ಭಾಯ್, ನಾಲ್ಕು ಜನರ ಜೊತೆ ಬಾಳೋದು ಅಂದ್ರೆ ತ್ಯಾಗ ಮಾಡ್ಬೇಕಾಗ್ತದೆ. ಬಣ್ಣ ಹೊಡೆಸ್ದೆ ಇದ್ದಿದ್ರೆ ನಾನೇ ಕೊಟ್ಬಿಡ್ತಿದ್ದೆ. ಏನೋ, ಒಂದು ನಿಂಬೆ ಗಿಡ.”

ಸಾಹೇಬರ ಕಣ್ಣೆದುರು ಪ್ಲಾಸ್ಟಿಕ್ ಕುರ್ಚಿ ಬಂತು. ಮಂಡಿ ನೀವಿಕೊಳ್ಳುತ್ತ ಎಲೆಗಳ ಧೂಳು ಒರೆಸುವ ಹೆಂಡತಿ ಕಂಡರು. ಕಣ್ಣು ಮುಚ್ಚಿ ಹೇಳಿಯೇಬಿಟ್ಟರು.

“ಆಗಲ್ಲ, ಕ್ಷಮಿಸಿ.”

ಪಾಷಾ ತಮ್ಮ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದರು. ಯಾರೂ ಇರಲಿಲ್ಲ. “ನೀವಾ ಭಾಯ್ ಈ ಮಾತು ಹೇಳ್ತಿರೋದು?” ಎನ್ನುತ್ತ ಎದ್ದು ಹೋದರು. ಆ ಗುಂಗಿನಲ್ಲಿ ಸಾಹೇಬರಿಂದ ಮುಂದಿನ ಗಿರಾಕಿಗೆ ಒಂದು ಗಜ ಲೇಸು ಹೆಚ್ಚಿಗೇ ಹೋಯಿತು. ಹೋದರೆ ಹೋಗಲಿ, ಗಿಡ ಉಳಿಯಿತಲ್ಲ ಎಂದು ಹಗುರವಾಗಿ ಮಗಳ ಕಾಲೇಜಿಗೆ ಹೊರಟರು.

ಕಾಲೇಜಿನ ಸಭಾಂಗಣದೊಳಗೆ ಕಾಲಿಟ್ಟರೆ ಅರ್ಧ ಗಲ್ಲಿ ಅಲ್ಲೇ ಇತ್ತು. ಚರ್ಚೆ ಕೇಳಲು ಬಂದದ್ದಲ್ಲ. ಮನೆಯಲ್ಲಿ ಫ್ಯಾನಿಲ್ಲ, ಸಭಾಂಗಣದಲ್ಲಿ ಎಸಿ ಇದೆ ಎಂದು ಬಂದದ್ದು. ಮುಂದಿನ ಸಾಲಿನಲ್ಲಿ ಪಾಷಾ ಅಂಗಿಯ ಕಾಲರ್ ಎತ್ತಿ ತಂಪು ಕುಡಿಯುತ್ತಿದ್ದರು.

ತೂಬಾ ಚೆನ್ನಾಗಿ ಮಾತಾಡಿದಳು. ಕಲ್ಲಿದ್ದಲಿನ ಹೊಗೆಯನ್ನು ಹೇಳಿದಳು, ಮಳೆ ಬಾರದ ವರ್ಷ ಒಣಗುವ ಅಣೆಕಟ್ಟೆಗಳನ್ನು ಹೇಳಿದಳು, ಕಸದ ಪ್ರಶ್ನೆಗೂ ತಡವರಿಸದೆ ಉತ್ತರಿಸಿದಳು. ಆಗ ಎದುರು ತಂಡದ ಶ್ವೇತ ಎದ್ದು ನಿಂತಳು.

“ಕೊನೇ ಪ್ರಶ್ನೆ. ಯಾವುದೋ ಕಾಡಿನ ಪಕ್ಕ, ಕಡಲಿನ ಪಕ್ಕ ಇರೋರು ಜಾಗ ಕೊಡ್ಲಿ ಅಂತ ಎಲ್ರೂ ಹೇಳ್ತಾರೆ. ನಿಮ್ಮನೆ ಮುಂದೇನೇ ಸ್ಥಾವರ ಹಾಕ್ತೀವಿ ಅಂದ್ರೆ ನಿಮ್ಮ ಮನೆಯವ್ರು ಒಪ್ತಾರಾ?”

ತೂಬಾ ಕೈಯಲ್ಲಿದ್ದ ಚೀಟಿಗಳನ್ನು ತಿರುವಿಹಾಕತೊಡಗಿದಳು. ಹಾಶಿಮ್ ಸಾಹೇಬರು ಕುರ್ಚಿಯ ತುದಿಗೆ ಸರಿದರು. ಈ ಪ್ರಶ್ನೆಯನ್ನು ಬೆಳಿಗ್ಗೆ ತಾವು ಕೇಳಬೇಕಿತ್ತು. ತಾವು ಸರಿಯಾಗಿ ವಿರೋಧಿಸದೆ ಇದ್ದದ್ದಕ್ಕೆ ಮಗು ಈಗ ಒಂಟಿಯಾಗಿ ನಿಂತಿದೆ ಅನ್ನಿಸಿತು. ಅವರು ಎದ್ದದ್ದು ಅವರಿಗೇ ಗೊತ್ತಾಗಲಿಲ್ಲ.

“ಒಪ್ತೀವಿ! ನಮ್ಮನೆ ಮುಂದೇನೇ ಹಾಕಿ! ಕರೆಂಟು ಎಲ್ರಿಗೂ ಬೇಕು ಅಂದ್ಮೇಲೆ ಯಾರಾದ್ರೂ ಜಾಗ ಕೊಡ್ಬೇಕಲ್ಲ. ನಾವ್ ಕೊಡ್ತೀವಿ!”

ಸಭಿಕರು ಮಾತಾಡುವಂತಿಲ್ಲ ಎಂದು ತೀರ್ಪುಗಾರರು ಗಂಟೆ ಬಾರಿಸಿದರು. ಅಷ್ಟರಲ್ಲಿ ತೂಬಾಳಿಗೆ ಉಸಿರು ಬಂದಿತ್ತು.

“ನಮ್ಮ ತಂದೆ ಒಪ್ಪುತ್ತಾರೆ. ಆದರೆ ಜಾಗ ಕೊಡುವವರನ್ನು ಕೇಳಿ, ಅವರ ಭಯಕ್ಕೆ ಉತ್ತರ ಕೊಟ್ಟು, ಅವರ ಒಪ್ಪಿಗೆ ಪಡೆದೇ ಕಟ್ಟಬೇಕು. ಜಾಗ ಕೊಟ್ಟವರ ಮನೆಯಲ್ಲಿ ಮೊದಲು ದೀಪ ಉರಿಯಬೇಕು. ಆಮೇಲೆ ಉಳಿದವರದು.”

ಚಪ್ಪಾಳೆಯೋ ಚಪ್ಪಾಳೆ. ಮೊದಲ ಬಹುಮಾನ ಅವಳಿಗೇ ಬಂತು. ಎಲ್ಲರಿಗಿಂತ ಹುರುಪಿನಲ್ಲಿದ್ದವರು ಅಹ್ಮದ್ ಪಾಷಾ. ಅವರು ಮೊಬೈಲ್ ಎತ್ತಿ ಹಿಡಿದು ಎಲ್ಲವನ್ನೂ ವಿಡಿಯೊ ಮಾಡಿಕೊಂಡಿದ್ದರು. “ಅಣು ಸ್ಥಾವರಕ್ಕೇ ಒಪ್ಪಿದ ಮೇಲೆ ಟ್ರಾನ್ಸ್‌ಫಾರ್ಮರ್ ಯಾವ ಲೆಕ್ಕ ಭಾಯ್!” ಎಂದು ಕೂಗಿದರು. ಆಗ ಸಾಹೇಬರಿಗೆ ತಾವು ಆಡಿದ್ದೇನೆಂದು ಅರ್ಥವಾಯಿತು.

ಪಾಷಾ ತಲುಪುವ ಮೊದಲೇ ಹೆಂಡತಿಯೆದುರು ತಪ್ಪೊಪ್ಪಿಕೊಳ್ಳಬೇಕೆಂದು ಮಗಳ ಕೈ ಹಿಡಿದು ಓಡಿಬಂದರು. ಮುಸ್ಸಂಜೆಯಾಗಿತ್ತು. ಮನೆ ಮುಂದೆ ಗಿಡವಿರಲಿಲ್ಲ. ಆ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ಆಗಲೇ ಮದುಮಗನ ಹಾಗೆ ನಿಂತಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಶಂಶುನ್ನೀಸಾ.

“ಶಂಶು, ಕಾಲೇಜಿನಲ್ಲಿ ಬಾಯ್ತಪ್ಪಿ ನಾನು…”

“ನೀವೇನ್ ಹೇಳಿದ್ರೋ ನಂಗೊತ್ತಿಲ್ಲ. ಮಧ್ಯಾಹ್ನಾನೇ ನಾನು ಹೂಂ ಅಂದ್ಬಿಟ್ಟೆ ರೀ.” ಆಕೆ ಸೆರಗಿಗೆ ಅಂಟಿದ್ದ ಮಣ್ಣು ಕೊಡವಿಕೊಂಡರು. “ಇಮಾಮ್ ಬೀ ಬಂದಿದ್ರು. ಏನೂ ಕೇಳ್ಲಿಲ್ಲ. ಗಿಡದ ನೆರಳಲ್ಲಿ ಸುಮ್ನೆ ಕೂತ್ರು. ಉಸಿರು ಎಳೆಯೋಕೆ ಆಗ್ತಿರ್ಲಿಲ್ಲ, ಉಸಿರಾಟದ ಮಿಷನ್ ಹಾಕೋಣ ಅಂದ್ರೆ ಕರೆಂಟಿಲ್ಲ. ಹೆಂಗ್ ಬೇಡ ಅನ್ಲಿ? ಗಿಡಾನ ಬೇರಿನ ಸಮೇತ ಡ್ರಮ್ಮಿಗೆ ಹಾಕಿ ಮಹಡಿ ಮೇಲೆ ಇಟ್ಟವ್ರೆ. ಬದುಕ್ತದೆ ಅಂದ್ರು.”

“ಮತ್ತೆ ನಂಗೆ ‘ಆಗಲ್ಲ’ ಅನ್ನೋದು ಯಾಕೆ ಕಲಿಸ್ದೆ?”

“ಒಂದಿನ ಆದ್ರೂ ನಿಮ್ಮ ಬಾಯಲ್ಲಿ ಕೇಳೋಣ ಅಂತ,” ಎಂದು ಆಕೆ ಕಣ್ಣೊರೆಸಿಕೊಂಡು ನಕ್ಕರು. ಸಾಹೇಬರಿಗೆ ಆ ಕ್ಷಣ ಹೆಂಡತಿಯ ಮೇಲೆ ಎಂದಿಲ್ಲದ ಅಭಿಮಾನ ಉಕ್ಕಿತು.

ಆಗ ‘ಹೋ!’ ಎಂದು ಗಲ್ಲಿ ಕೂಗಿತು. ಮೂಲೆಯಲ್ಲಿ ಇಮಾಮ್ ಬೀಯ ಕಿಟಕಿ ಬೆಳಗಿತು, ಪಿಸ್ತಾ ಗೋಡೆ ಬೆಳಗಿತು, ಒಂದೊಂದಾಗಿ ಎಲ್ಲ ಮನೆಗಳೂ ಬೆಳಗಿದವು. ಕತ್ತಲಲ್ಲಿ ಉಳಿದದ್ದು ಹಾಶಿಮ್ ಸಾಹೇಬರ ಮನೆ ಒಂದೇ.

ಮುನೀಂದ್ರ ತಲೆ ಕೆರೆದುಕೊಂಡ. “ನಿಮ್ಮನೆ ವೈರು ಈ ಟ್ರಾನ್ಸ್‌ಫಾರ್ಮರ್‌ಗೆ ಅಡ್ಡ ಬರ್ತಿತ್ತು ಸಾರ್, ಕಟ್ ಮಾಡ್ಬೇಕಾಯ್ತು. ಈಗ ಎದುರುಮನೆ ಮೇಲಿಂದ ಸುತ್ತಾಕಿ ಎಳೀಬೇಕು. ಆ ಗೋಡೆಗೆ ಒಂದು ಕ್ಲಾಂಪ್ ಹೊಡೆದ್ರೆ ಆಯ್ತು. ಅವ್ರನ್ನ ಒಂದ್ಮಾತು ಕೇಳಿ.”

ಅಷ್ಟರಲ್ಲಿ ಅಹ್ಮದ್ ಪಾಷಾ ಬಂದರು. ಸಾಹೇಬರು ಕೇಳಿದರು. ಪಾಷಾ ಕ್ಲಾಂಪನ್ನು ನೋಡಿದರು, ಹೊಳೆಯುತ್ತಿದ್ದ ತಮ್ಮ ಗೋಡೆಯನ್ನು ನೋಡಿದರು, ಕಣ್ಣು ಮುಚ್ಚಿಕೊಂಡರು.

“ಆಗಲ್ಲ ಭಾಯ್, ಕ್ಷಮಿಸಿ.”

ಅವರ ಮನೆ ಬಾಗಿಲು ಮುಚ್ಚಿತು. ಶಂಶುನ್ನೀಸಾ ಮೊದಲು ನಕ್ಕರು, ಆಮೇಲೆ ಮಗಳು. ಸಾಹೇಬರಿಗೆ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಮೂವರೂ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರಿನ ಪಕ್ಕ, ಪರರ ಕಿಟಕಿಗಳಿಂದ ಬಿದ್ದ ಬೆಳಕಿನಲ್ಲಿ ಕುಳಿತರು. ತೂಬಾ ಬಹುಮಾನದ ಡಬ್ಬಿ ಬಿಚ್ಚಿದಳು. ಒಳಗೆ ಚೆಂದದ ಒಂದು ಟೇಬಲ್ ಲ್ಯಾಂಪ್ ಇತ್ತು.

“ಇದನ್ನ ಎಲ್ಲಿ ಹಚ್ಚೋದು ಅಬ್ಬಾ?”

ಹಾಶಿಮ್ ಸಾಹೇಬರು ಕತ್ತಲೆಯ ಮನೆಯನ್ನೊಮ್ಮೆ, ಪಿಸ್ತಾ ಗೋಡೆಯನ್ನೊಮ್ಮೆ ನೋಡಿದರು.

“ನೋಡೋಣ ಬೇಟಾ,” ಎಂದರು.