ಅಕ್ಕನ ಬಲ್ಬು

ಚಿಂತೆ ಮಾಡುವುದೂ ಒಂದು ಕಸುಬು. ನನಗದು ಹುಟ್ಟಿನಿಂದಲೇ ಬಂದಿದೆ. ಸಿಂದಗಿಯ ದವಾಖಾನೆಯಲ್ಲಿ ಕಂಪೌಂಡರನಾಗಿ ಊರಿನ ಜ್ವರಕ್ಕೆಲ್ಲ ಕೆಂಪು ನೀರು ಕೊಡುವ ನನಗೆ, ನನ್ನ ಚಿಂತೆಗೆ ಮಾತ್ರ ಮದ್ದು ಸಿಕ್ಕಿಲ್ಲ. ಊರಿಗೆ ಕರೆಂಟು ಬಂದು ನಮ್ಮ ಪಡಸಾಲೆಯ ನಡುವೆ ಬಲ್ಬು ನೇತಾಡತೊಡಗಿದ ಮೇಲಂತೂ, ಹೊರಗೆ ಎಲೆ ಅಲುಗಿದರೂ ತಂತಿ ಹರಿದೀತೆಂದು ಓಡಿಬಂದು ಬಟನ್ ಆರಿಸುತ್ತಿದ್ದೆ. "ಗಾಳಿ ಬಂದ್ರ ಕಂದೀಲು ಆರತೈತಿ ಖರೆ. ಇದಕ ನೀನ ಗಾಳಿ ಆಗೀಯಲ್ಲೋ ತಮ್ಮಾ!" ಎಂದು ಅಕ್ಕ ನಗುತ್ತಿದ್ದಳು.

ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದ ಅಕ್ಕನಿಗೆ ಕಣ್ಣು ಮಸುಕಾಗುತ್ತ ಬಂದಿತ್ತು. ಮದ್ದಿಲ್ಲವೆಂದು ಬಿಜಾಪುರದ ಡಾಕ್ಟರರು ನನ್ನೊಬ್ಬನಿಗೇ ಹೇಳಿದ್ದರು. ಅವಳಿಗೆ ಹೇಳುವ ಎದೆ ನನಗಿರಲಿಲ್ಲ. ಕಂದೀಲಿನಲ್ಲಿ ಕಾಣದ ಸೂಜಿ ಬಲ್ಬಿನಡಿ ಕಾಣುತ್ತಿತ್ತು. ಸಂಜೆ ದೀಪ ಹತ್ತಿದೊಡನೆ ಅದಕ್ಕೆ ಕೈಮುಗಿದು, ನನ್ನ ಮಗಳ ಬಾಣಂತನಕ್ಕೆಂದು ಹಳೆ ಸೀರೆಗಳ ಕೌದಿ ಹೊಲಿಯಲು ಕೂಡುತ್ತಿದ್ದಳು. "ಕಣ್ಣು ಇರೂದ್ರಾಗ ಮುಗಸ್ತೇನಿ" ಎನ್ನುವಳು. ಹೇಳದಿದ್ದರೂ ಅವಳಿಗೆ ಗೊತ್ತಿತ್ತು.

ಆ ಬೇಸಿಗೆಯ ಬಿರುಗಾಳಿಗೆ ತಗಡುಗಳು ಹಾರಿದವು, ಬೇವಿನ ಮರಗಳು ತಂತಿಗಳ ಮೇಲೆ ಮಲಗಿದವು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲೆಡೆಯೂ ಕತ್ತಲೆಯೇ ಎಂದು ಬಸ್ಸಿನವರು ಸುದ್ದಿ ತಂದರು. ಕನ್ನೊಳ್ಳಿ ದಾರಿಯಲ್ಲಿ ಬಿದ್ದ ಕಂಬಗಳನ್ನು ನಾನು ದಿನಾ ಸೈಕಲ್ ಮೇಲೆ ಹೋಗಿ ನೋಡಿಬರುತ್ತಿದ್ದೆ, ನನ್ನ ಮುಖ ಕಂಡು ನಾಚಿ ಎದ್ದಾವೆಂಬಂತೆ. ಅಲ್ಲಿ ಬೆವರಿಳಿಸುತ್ತಿದ್ದ ವಾಯರ್‌ಮನ್ ಮಹಿಬೂಬ, "ಕಂಪೌಂಡರ್ರ, ನಿಮ್ಮ ಕೆಂಪ್ನೀರು ಒಂದೀಟು ಕುಡಿಸಿ ನೋಡ್ರಿ, ಎದ್ದರೂ ಎದ್ದಾವು" ಎಂದ.

ಕಂಬಗಳು ಎದ್ದದ್ದು ಮಳೆ ಹಿಡಿದ ಮೇಲೆ. ಅಷ್ಟರಲ್ಲಿ ಅಕ್ಕನ ಸೂಜಿ ಕೌದಿಯ ನಡುವೆಯೇ ನಿಂತುಹೋಗಿತ್ತು. ಒಂದು ಸಂಜೆ ಬಲ್ಬು ಹತ್ತಿತು. ಓಣಿಯೆಲ್ಲ ಹೋ ಎಂದಿತು.

"ಯಾಕೋ ಹಿಂಗ ಒದರಾಕತ್ತಾರ?" ಎಂದಳು ಅಕ್ಕ.

"ಕರೆಂಟ್ ಬಂತಬೇ ಅಕ್ಕಾ," ಎಂದೆ.

ಅವಳು ಎದ್ದು, ಸೆರಗು ಸರಿಮಾಡಿಕೊಂಡು ಕೈಮುಗಿದಳು: ಬಲ್ಬಿಗೆ ಬೆನ್ನು ಮಾಡಿ, ಮೂಲೆಯ ಜೋಳದ ಚೀಲಗಳ ಕಡೆಗೆ.

ಮನೆಯವರೆಲ್ಲರ ತಪ್ಪು ತಿದ್ದುವ ನಾನು ಅದನ್ನು ತಿದ್ದಲಿಲ್ಲ. ಮರುದಿನ ಮಹಿಬೂಬನನ್ನು ಕರೆಸಿ ಬಲ್ಬನ್ನು ಆ ಮೂಲೆಗೆ ಹಾಕಿಸಿದೆ. "ಇಲ್ಲ್ಯಾಕ್ರಿ? ಚೀಲದಾಗಿನ ಜ್ವಾಳ ಪುಸ್ತಕ ಓದ್ತಾವೇನು?" ಎಂದು ನಕ್ಕವನು, ಅಕ್ಕನ ಕಣ್ಣು ನೋಡಿ ಮೂಲೆಯತನಕ ತಂತಿ ಎಳೆದ.

ಈಗ ಜೋಳದ ಚೀಲಗಳು ಝಗಝಗಿಸುತ್ತವೆ. ನಾವು ನೆರಳಲ್ಲಿ ತಡಕಾಡಿ ರೊಟ್ಟಿ ತಿನ್ನುತ್ತೇವೆ. ಎಂಥ ಗಾಳಿ ಬೀಸಿದರೂ ನಾನು ಬಟನ್ ಮುಟ್ಟುವುದಿಲ್ಲ. ಹಾಗೆಂದು ಚಿಂತೆ ನನ್ನನ್ನು ಬಿಟ್ಟೀತೇ? ಸಂಜೆಯಾದರೆ ಒಂದೇ ದಿಗಿಲು: ಇವತ್ತು ಅಕ್ಕ ಬೇರೆ ಕಡೆ ತಿರುಗಿ ಕೈಮುಗಿದರೆ?